ಭಾನುವಾರ ಹೇಳ್ತೀನಿ

ಹೊನ್ನಕ್ಕ ಮತ್ತೊಂದು ಸಲ ತಮ್ಮನ ಕಣ್ಣಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಕ್ಕೆ ಸವರಿದಳು. ರೆಪ್ಪೆಗಳು ಅರ್ಧಕ್ಕೆ ಬಂದು ನಿಂತವು. ಕೈ ತೆಗೆದದ್ದೇ ತಡ, ಮತ್ತೆ ಮೇಲಕ್ಕೆ ಸರಿದವು. ಗುಂಡಯ್ಯ ಶಾಮಿಯಾನದ ಬಟ್ಟೆಯನ್ನೇ ನೋಡುತ್ತಾ ಮಲಗಿದ್ದ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಯೋಚಿಸುವವನ ಹಾಗೆ.

“ಮುಚ್ಚಾಕಿಲ್ಲ ಕಣವ್ವಾ ಇವ್ನು. ಏನೋ ಆಸೆ ಇಟ್ಕಂಡೇ ಓಗವ್ನೆ,” ಎಂದಳು ಹೊನ್ನಕ್ಕ.

ಸುತ್ತ ಕೂತಿದ್ದ ಹೆಂಗಸರ ಅಳು ಒಂದು ಗಳಿಗೆ ನಿಂತಿತು. ಸತ್ತವನಿಗೆ ಆಸೆ ಉಳಿದಿದೆ ಎಂದರೆ ಅದು ಅಳುವುದಕ್ಕಿಂತ ದೊಡ್ಡ ವಿಚಾರ. ಯಾವ ಆಸೆ, ಯಾರ ಮೇಲಿನ ಆಸೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದ ಮಗಳು ಶೋಭಿತಾಳಿಗೆ ಕಣ್ಣು ಮುಚ್ಚದಿರುವ ಕಾರಣ ಗೊತ್ತಿತ್ತು. ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿರುವ ಅವಳು ಎಷ್ಟೋ ಜನರ ಕಣ್ಣು ಮುಚ್ಚಿದ್ದಳು. ಜೀವ ಹೋದ ಕೂಡಲೇ ರೆಪ್ಪೆ ಎಳೆದು, ಮೇಲೆ ಒದ್ದೆ ಹತ್ತಿ ಇಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಮುಗಿಯಿತು. ಮೈ ಬಿಗಿದ ಮೇಲೆ ಕಷ್ಟ. ನಿನ್ನೆ ಸಂಜೆ ಡೈರಿಯಲ್ಲಿ ಹಾಲು ಅಳೆಯುತ್ತಾ ಅಳೆಯುತ್ತಾ ಎದೆ ಹಿಡಿದುಕೊಂಡ ಗುಂಡಯ್ಯನನ್ನು ಯಾರದೋ ಕಾರಿನಲ್ಲಿ ಹಾಸನಕ್ಕೆ ಸಾಗಿಸುವಾಗ ದಾರಿಯಲ್ಲೇ ಪ್ರಾಣ ಹೋಗಿತ್ತು. ಆ ಗಡಿಬಿಡಿಯಲ್ಲಿ ಕಣ್ಣಿನ ಬಗ್ಗೆ ಯಾರು ಯೋಚಿಸುತ್ತಾರೆ? ಯೋಚಿಸಬಹುದಾಗಿದ್ದ ಒಬ್ಬಳು ಆ ಹೊತ್ತಿನಲ್ಲಿ ಹೆರಿಗೆ ವಾರ್ಡಿನಲ್ಲಿ ಬೇರೆಯವರ ಮಗುವಿಗೆ ಬಟ್ಟೆ ಸುತ್ತುತ್ತಿದ್ದಳು. 

“ಅತ್ತೆ, ಮೈ ಬಿಗ್ದದೆ, ಅಷ್ಟೆ. ಅದ್ಕೇ ರೆಪ್ಪೆ ನಿಲ್ತಿಲ್ಲ.”

“ಅದು ನಿಮ್ಮ ಆಸ್ಪತ್ರೆ ಮಾತು ಕಣ್ ಮಗಾ. ಆಸ್ಪತ್ರೇಲಿ ಸಾಯೋರ್ಗೆ ಆಸೆ ಇರಾಕಿಲ್ವಾ?” ಹೊನ್ನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಮ್ಮವ್ವಂಗೂ ಇಂಗೇ ಆಗಿತ್ತು. ಎತ್ತೋಕೆ ಮುಂಚೆ ಒಬ್ಬೊಬ್ರೇ ಬಂದು ಮಾತು ಕೊಡ್ಬೇಕು. ಇವ್ನ ಆಸೆ ಯಾವ್ದೋ ಅದ್ಕೆ ಮಾತು ಬಿದ್ದೇಟ್ಗೆ ತಾನೇ ಮುಚ್ಕತಾನೆ.”

ಅಪ್ಪನಲ್ಲಿ ಆಸೆ ಉಳಿದಿತ್ತೋ ಇಲ್ಲವೋ ಶೋಭಿತಾಳಿಗೆ ತಿಳಿಯದು. ಒಂದು ಉತ್ತರವಂತೂ ಉಳಿದಿತ್ತು. ಅದನ್ನು ಹೇಳುತ್ತೇನೆಂದು ಅವನು ಇಟ್ಟಿದ್ದ ದಿನ ಇವತ್ತೇ.

*

ಬುಧವಾರ ಅವಳು ಡ್ಯೂಟಿ ಮುಗಿಸಿ ನೇರ ಡೈರಿಗೇ ಬಂದಿದ್ದಳು. ಬೆಳಗಿನ ಹಾಲಿನ ವ್ಯಾನು ಹೋಗಿಯಾಗಿತ್ತು. ಗುಂಡಯ್ಯ ಪಂಚೆ ಎತ್ತಿ ಕಟ್ಟಿಕೊಂಡು ನಲ್ಲಿಯ ಕೆಳಗೆ ಕ್ಯಾನು ಉರುಳಿಸಿ ಉಜ್ಜುತ್ತಿದ್ದ.

“ಅಪ್ಪಾ, ಹಾಸನದಲ್ಲಿ ಸೀಟು ಬಂದದೆ. ಡಿಪ್ಲೊಮಾ ಮುಗ್ಸಿರೋರ್ಗೆ ಇರೋ ಬಿಎಸ್ಸಿ ನರ್ಸಿಂಗು.”

“ಓ! ಬಂತಾ?” ಅವನ ಕೈ ನಿಂತಿತು. ಮುಖದಲ್ಲಿ ಬೆಳಕು ಹರಿದದ್ದನ್ನು ಅವಳು ನೋಡಿದಳು. ಆಮೇಲೆ ಅದು ಎಲ್ಲಿ ಹೋಯಿತೋ, ಅವನು ಮತ್ತೆ ಕ್ಯಾನಿನ ಒಳಗೆ ಕೈ ಹಾಕಿದ. “ಕೆಲ್ಸ?”

“ಅದೇ ಕೇಳಾಕೆ ಬಂದೆ. ಓದೋದು ಎರಡು ವರ್ಷ. ಕೆಲ್ಸ ಬುಡ್ಬೇಕು. ಪ್ರತಿಭಾ ಡಾಕ್ಟ್ರು, ಒಂದು ವರ್ಷ ತಡಿ, ಹೆರಿಗೆ ವಾರ್ಡು ಪೂರ್ತಿ ನಿನ್ ಕೈಗೇ ಕೊಡ್ತೀನಿ, ಆಮೇಲೆ ಬೇಕಾರೆ ಓದೀವಂತೆ ಅಂತಾರೆ. ಸೋಮವಾರದೊಳಗೆ ಕಾಲೇಜಿಗೆ ಹೋಗಿ ಸೇರ್ಕಬೇಕು. ಇಲ್ಲಾ ಅಂದ್ರೆ ಸೀಟು ಬೇರೆಯೋರಿಗೆ ಹೋಯ್ತದೆ.”

ನಿಜ ಹೇಳಬೇಕೆಂದರೆ ಡಾಕ್ಟರ ಮಾತು ಅವಳಿಗೆ ಸಿಹಿಯಾಗಿಯೇ ಇತ್ತು. ಆ ವಾರ್ಡು ಅವಳಿಗೆ ಇಷ್ಟ. ರಾತ್ರಿಯಿಡೀ ಕೂಗಾಡಿ ಸುಸ್ತಾದ ಹೆಣ್ಣೊಬ್ಬಳು ಬೆಳಿಗ್ಗೆ ಮಗುವಿನ ಬೆರಳು ಎಣಿಸುವುದನ್ನು ನೋಡುವಾಗ, ತಾನು ಇದಕ್ಕೇ ಹುಟ್ಟಿದ್ದು ಅನ್ನಿಸುತ್ತಿತ್ತು. ಆದರೆ ಡಿಪ್ಲೊಮಾದವರು ಎಲ್ಲಿಯವರೆಗೆ ಏರಬಹುದು, ಎಲ್ಲಿ ನಿಲ್ಲಬೇಕು ಎನ್ನುವುದೂ ಅವಳಿಗೆ ಕಾಣುತ್ತಿತ್ತು. ಅವಳಿಗೇ ಎರಡು ಮನಸ್ಸು. ಹೀಗಿರುವಾಗ ಅಪ್ಪ ಒಂದು ಮಾತು ಹೇಳಿಬಿಟ್ಟರೆ ಸಾಕು ಎಂದು ಬಂದಿದ್ದಳು. ಬೇರೆಯವರ ಅಪ್ಪಂದಿರ ಹತ್ತಿರ ಹೀಗೆ ಕೇಳಿದ್ದರೆ ಕೇಳುವ ಮೊದಲೇ ಉತ್ತರ ಬರುತ್ತಿತ್ತು.

ಆದರೆ ಗುಂಡಯ್ಯನಿಗೆ ಊರಲ್ಲಿದ್ದ ಅಡ್ಡಹೆಸರೇ ‘ಆಯ್ತದೆ ಗುಂಡಯ್ಯ’. ತಮ್ಮ ಅಶೋಕ ಬೌದ್ಧ ದೀಕ್ಷೆ ತಗೋ ಅಂದಾಗ “ಆಯ್ತದೆ” ಅಂದು ತಗೊಂಡ. ಆ ತಿಂಗಳೇ ಅಕ್ಕ ಹೊನ್ನಕ್ಕ ಮಾರಮ್ಮನಿಗೆ ಕೋಳಿ ಕೊಡಬೇಕು ಅಂದಾಗಲೂ “ಆಯ್ತದೆ” ಅಂದು ಕೊಟ್ಟ. ಎರಡರಲ್ಲಿ ಯಾವುದು ಸುಳ್ಳು ಎಂದು ಕೇಳಿದರೆ ಎರಡೂ ಅಲ್ಲ. ಅವನಿಗೆ ಎದುರಿಗೆ ನಿಂತವರ ಮುಖ ಬಾಡುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೆ.

ಅವತ್ತು ಮಾತ್ರ ಅವನು ಆಯ್ತದೆ ಅನ್ನಲಿಲ್ಲ. ಕ್ಯಾನನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಮಗಳ ಮುಖ ನೋಡಿದ.

“ಇದು ಬಾಯ್ಗೆ ಬಂದಂಗೆ ಯೋಳೋ ಮಾತಲ್ಲ ಕಣ್ ಮಗಾ. ವಸಿ ಯೋಚ್ನೆ ಮಾಡ್ಬೇಕು. ಭಾನುವಾರ ರಜಾ ಇದ್ದಾಗ ಬತ್ತೀಯಲ್ಲ, ಅವತ್ತು ಯೋಳ್ತೀನಿ.”

ಅಪ್ಪ ಯೋಚಿಸಿ ಹೇಳುತ್ತೇನೆಂದು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದಕ್ಕೇ ನಂಬಿಕೊಂಡು ಹೋಗಿದ್ದಳು.

*

ಬಿಸಿಲೇರುತ್ತಿದ್ದಂತೆ ಜನ ಹೆಚ್ಚಾದರು. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಮೇಷ್ಟರಾಗಿರುವ ಚಿಕ್ಕಪ್ಪ ಅಶೋಕ ಬಿಳಿ ಬಟ್ಟೆಯ ಗಂಟಿನೊಂದಿಗೆ ಬಂದಿಳಿದ. ಬಂದವನೇ ಅಣ್ಣನ ಕಾಲು ಹಿಡಿದು ಮಗುವಿನಂತೆ ಅತ್ತ. ಅತ್ತು ಮುಗಿದ ಮೇಲೆ ತಮಟೆಯವರನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು.

“ಅಕ್ಕಾ, ಅಣ್ಣ ದೀಕ್ಷೆ ತಗೊಂಡಿದ್ದ. ತಮಟೆ, ಬಾಯಿಗೆ ಅಕ್ಕಿ ಹಾಕೋದು ಇವೆಲ್ಲ ಯಾಕೆ? ತ್ರಿಶರಣ ಹೇಳ್ಸಿ ಮಣ್ಣು ಮಾಡಣ.”

“ನಿಂದೂ ಯೋಳ್ಸು, ನಂದೂ ಬಡ್ಸು. ಅವ್ನೇನು ಬ್ಯಾಡ ಅಂತನಾ?” ಎಂದಳು ಹೊನ್ನಕ್ಕ.

 ಗುಂಡಯ್ಯ ಬದುಕಿದ್ದರೆ ಎರಡಕ್ಕೂ ಒಪ್ಪುತ್ತಿದ್ದ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು.

ಅಶೋಕ ಶೋಭಿತಾಳ ಪಕ್ಕ ಬಂದು ಕೂತ. “ನಾಳೆ ಅಲ್ವೇನಮ್ಮ ಕಾಲೇಜಿಗೆ ಸೇರೋ ದಿನ? ಅಣ್ಣ ಗುರುವಾರ ಫೋನ್ ಮಾಡಿದ್ದ. ಓದ್ಲಿ ಅಂತಲೇ ಅಂದ.”

ಅವಳು ತಟ್ಟನೆ ಅವನ ಕಡೆ ತಿರುಗಿದಳು. “ಅಪ್ಪನೇ ಅಂತಾ? ಬಾಯ್ಬಿಟ್ಟು?”

“ನಾನಂದೆ, ಗಾಳಿ ಬಂದಾಗ ತೂರ್ಕೋಬೇಕು ಕಣಣ್ಣ, ಓದ್ಸು ಅಂತ. ಆಯ್ತದೆ ಅಂದ.”

ಪಕ್ಕದ ಬೆಂಚಿನಲ್ಲಿದ್ದ ಟೀ ಅಂಗಡಿ ರಾಮಣ್ಣ ಗಂಟಲು ಸರಿಮಾಡಿಕೊಂಡ. ಗುಂಡಯ್ಯ ದಿನಾ ಬೆಳಗಿನ ಹಾಲು ಮುಗಿಸಿ ಅವನ ಅಂಗಡಿಯಲ್ಲೇ ಟೀ ಕುಡಿಯುತ್ತಿದ್ದದ್ದು. “ಮೇಷ್ಟ್ರೇ, ತಪ್ ತಿಳ್ಕಬ್ಯಾಡಿ. ಶುಕ್ರವಾರ ನನ್ನಂಗ್ಡೀಲಿ ಇದೇ ಮಾತು ಬಂತು. ನಾನಂದೆ, ಕೈಯಾಗಿರೋ ಕೆಲ್ಸ ಬುಟ್ರೆ ತಿರ್ಗಾ ಸಿಕ್ತದಾ ಗುಂಡಣ್ಣ, ದೂರದ ಬೆಟ್ಟ ನುಣ್ಣಗೆ ಕಾಣ್ತದೆ, ಹುಡ್ಗಿ ಕೆಲ್ಸ ಬುಡದು ಬ್ಯಾಡ ಅಂತ. ಊಂ ಕಣ, ಆಯ್ತದೆ ಅಂದ್ನಲ್ಲ!”

“ನಿಮ್ಮ ಮುಂದೆ ಏನೋ ಅಂದಿರ್ತಾನೆ ಬಿಡಿ.”

“ನಿಮ್ಮ ಮುಂದೆ ಮಾತ್ರ ಸತ್ಯ ಯೋಳವ್ನಾ?”

ಎತ್ತು ಏರಿಗೆ, ಕೋಣ ನೀರಿಗೆ. ಶೋಭಿತಾ ಎದ್ದು ಒಳಗೆ ಹೋದಳು. ತಾಯಿ ಪಾರ್ವತಮ್ಮ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. 

“ಅವ್ವಾ, ನನ್ ಓದಿನ ವಿಚಾರ ಅಪ್ಪ ನಿನ್ ಕುಟೆ ಏನಂತು?”

ಪಾರ್ವತಮ್ಮ ಗದ್ದ ಎತ್ತಿದಳು. “ಶುಕ್ರವಾರ ರಾತ್ರಿ ನಿದ್ದೇನೇ ಮಾಡ್ನಿಲ್ಲ ಕಣವ್ವ. ಯಾಕೆ ಅಂದೆ. ಏನಿಲ್ಲ, ಬೂಸಾ ಮುಗುದದೆ ಅಂತು.”

ಮೊಬೈಲು ನಡುಗಿತು. ಪ್ರತಿಭಾ ಡಾಕ್ಟರು. ದುಃಖದ ಮಾತುಗಳನ್ನು ಅವರು ನಿಜವಾದ ಪ್ರೀತಿಯಿಂದಲೇ ಹೇಳಿದರು. ಕೊನೆಗೆ, “ಅವಸರ ಇಲ್ಲಮ್ಮಾ, ಗುರುವಾರದಿಂದ ಬಂದರೆ ಸಾಕು. ನೀನಿಲ್ಲದೆ ವಾರ್ಡು ಅಲ್ಲೋಲ ಕಲ್ಲೋಲ,” ಎಂದರು. ಶೋಭಿತಾ “ಆಯ್ತು ಮೇಡಂ” ಎಂದಳು. ಫೋನಿಟ್ಟ ಮೇಲೆ, ತಾನು ಅಪ್ಪನ ಹಾಗೆಯೇ ಅಂದೆನಲ್ಲ ಎಂದು ಹೊಳೆದು ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು.

*

ಮಧ್ಯಾಹ್ನದ ಹೊತ್ತಿಗೆ ಡೈರಿಯ ಅಧ್ಯಕ್ಷ ಕೆಂಪಣ್ಣ ದೊಡ್ಡದೊಂದು ಹಾರದೊಂದಿಗೆ ಬಂದ. ಅವನ ಜೊತೆಗೆ ಕೋಲೂರಿಕೊಂಡು ಅವನ ಚಿಕ್ಕಮ್ಮ ಸುಬ್ಬಮ್ಮನೂ ಬಂದಳು. ತೋಟ, ಗದ್ದೆ, ಬೋರ್‌ವೆಲ್ಲು ಎಲ್ಲ ಇದ್ದ ಮನೆಯ ಹೆಂಗಸು ಕೇರಿಯ ಸಾವಿಗೆ ಬಂದದ್ದು ನೋಡಿ ಜನ ಜಾಗ ಬಿಟ್ಟರು. ಸುಬ್ಬಮ್ಮ ಯಾರ ಕುರ್ಚಿಯನ್ನೂ ಮುಟ್ಟದೆ ಶೋಭಿತಾಳ ಪಕ್ಕ ನೆಲಕ್ಕೇ ಕೂತಳು.

“ನಿಮ್ಮಪ್ಪ ಓದ್ಬೇಕಾಗಿತ್ತು ಕಣವ್ವ,” ಎಂದಳು, ಯಾರೂ ಕೇಳದಿದ್ದರೂ. “ನಿಂಗೊತ್ತಾ?”

ಗೊತ್ತಿರಲಿಲ್ಲ. ಅಪ್ಪ ಪಿಯುಸಿ ಓದಿದ್ದಾನೆ ಎನ್ನುವುದಷ್ಟೇ ಗೊತ್ತಿತ್ತು. ಸುಬ್ಬಮ್ಮ ಹೆಣದ ಕಡೆ ನೋಡುತ್ತಲೇ ಹೇಳತೊಡಗಿದಳು.

*

ಮೂವತ್ತು ವರ್ಷದ ಹಿಂದಿನ ಮಾತು. ಊರಿಗೆ ಹಾಲಿನ ಡೈರಿ ಬಂದಾಗ ಕೇರಿಯವರ ಹಾಲನ್ನೂ ಹಾಕಿಸಿಕೊಳ್ಳುತ್ತಿದ್ದರು. ಕ್ಯಾನಿಗೆ ಬಿದ್ದ ಮೇಲೆ ಹಾಲಿಗೆ ಯಾವ ಕೇರಿ? ಆದರೆ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಕೇರಿಯ ಹುಡುಗನನ್ನು ತೆಗೆದುಕೊಳ್ಳಬೇಕು ಎಂದಾಗ ಊರು ಎರಡಾಯಿತು. ಕೇರಿಯ ಹಿರಿಯರು ಪಟ್ಟು ಬಿಡಲಿಲ್ಲ. ಹಾಸನದಿಂದ ಆಫೀಸರು ಬಂದು, ಪಿಯುಸಿ ಪಾಸಾದವನು ಊರಿಗೆಲ್ಲ ಇವನೊಬ್ಬನೇ ಎಂದು ಗುಂಡಯ್ಯನನ್ನೇ ಕೂರಿಸಿ ಹೋದರು.

ಆಗ ಗುಂಡಯ್ಯನಿಗೆ ಹಾಸನದ ಕಾಲೇಜಿನಲ್ಲಿ ಬಿ.ಎ.ಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ಲೂ ಆಗಿತ್ತು. ಟ್ರಂಕು ಕೊಂಡಿದ್ದ.

“ಒಂದ್ ವರ್ಷ ಕೂತ್ಕಳಪ್ಪ,” ಎಂದರಂತೆ ಹಿರಿಯರು. “ನೀನು ಎದ್ರೆ ಅವ್ರು ಅವ್ರೋರ್ನ ಕೂರುಸ್ತಾರೆ. ಆಮ್ಯಾಲೆ ನಮ್ಮೋರು ಆ ಜಾಗ ಕನ್ಸಲ್ಲಿ ಕಾಣ್ಬೇಕು. ಒಂದ್ ವರ್ಷ. ಮುಂದಿನ್ ವರ್ಷ ಬ್ಯಾರೆ ಹುಡುಗ್ರು ಪಾಸಾಯ್ತರೆ, ನೀನು ಓಗು ಓದು.”

ಆಯ್ತದೆ, ಎಂದ ಗುಂಡಯ್ಯ.

ಮೊದಲ ದಿನ ಬೆಳಿಗ್ಗೆ ಕೇರಿಯವರನ್ನು ಬಿಟ್ಟರೆ ಒಬ್ಬರೂ ಹಾಲು ತರಲಿಲ್ಲ. ಊರಿನ ಹಾಲು ಹಂಡೆಗಳಲ್ಲಿ ಕೂತು ಹುಳಿಯಾಯಿತು. ಸಂಜೆಯೂ ಯಾರೂ ಬರಲಿಲ್ಲ. ಮಾರನೆಯ ಬೆಳಿಗ್ಗೆ, ಆಗಷ್ಟೇ ಗಂಡ ಸತ್ತಿದ್ದ ಸುಬ್ಬಮ್ಮ ತಂಬಿಗೆ ಹಿಡಿದು ಹೊರಟಳು. ಮೈದುನ ಅಡ್ಡ ನಿಂತ. “ಅಸಾ ನಂದು, ಆಲು ನಂದು, ಹುಳಿಯಾದ್ರೆ ನಷ್ಟಾನೂ ನಂದು. ದಾರಿ ಬುಡು,” ಎಂದು ಬಂದು ತಂಬಿಗೆಯನ್ನು ಗುಂಡಯ್ಯನ ಕೈಗೇ ಕೊಟ್ಟಳು. ತೆಗೆದುಕೊಳ್ಳುವ ಗಡಿಬಿಡಿಯಲ್ಲಿ ಅವನು ಅರ್ಧ ಹಾಲನ್ನು ನೆಲಕ್ಕೆ ಚೆಲ್ಲಿದ. ಅದನ್ನು ಹೇಳಿ ಸುಬ್ಬಮ್ಮ ಈಗಲೂ ನಕ್ಕಳು. ವಾರ ಕಳೆಯುವುದರೊಳಗೆ ಊರಿಗೆ ಊರೇ ಸಾಲು ನಿಂತಿತು.

ಪ್ರತಿ ಜೂನ್‌ನಲ್ಲೂ ಗುಂಡಯ್ಯ ಕೇರಿಯ ಹಿರಿಯರನ್ನು ಕೇಳುತ್ತಿದ್ದನಂತೆ, ಈ ವರ್ಷ ಹೋಗಲಾ? ಪಾಸಾದ ಹುಡುಗರು ಮೊದಮೊದಲು ಇರಲಿಲ್ಲ. ಆಮೇಲೆ ಇದ್ದರು, ಆದರೆ ಅವರು ಓದಲಿಕ್ಕೆ ಹೋದರು. ಅವರ ತಮ್ಮಂದಿರೂ ಹೋದರು. ಅಶೋಕನೂ ಹೋದ. ಎಲ್ಲರೂ ಬಸ್ಸು ಹತ್ತುವಾಗ ಡೈರಿಯ ಮುಂದೆ ನಿಂತು, ಗುಂಡಣ್ಣಾ ಬತ್ತೀನಿ ಅಂತ ಹೇಳಿಯೇ ಹೋದರು. ಹಸು ಭಾನುವಾರ ಅಂತ ರಜ ಕೊಡುತ್ತದೆಯೇ, ಹಬ್ಬ ಅಂತ ಹಾಲು ನಿಲ್ಲಿಸುತ್ತದೆಯೇ? ಬೆಳಿಗ್ಗೆ ಸಂಜೆ, ಬೆಳಿಗ್ಗೆ ಸಂಜೆ. ಅವನು ಕೇಳುತ್ತಿದ್ದ ಹಿರಿಯರು ಒಬ್ಬೊಬ್ಬರೇ ತೀರಿಕೊಂಡರು. ಕೊನೆಗೆ ಕೇಳುವುದಕ್ಕೂ ಯಾರೂ ಉಳಿಯಲಿಲ್ಲ.

*

“ಅಪ್ಪಂಗೆ ಬೇಜಾರಿತ್ತಾ ಅಜ್ಜಿ?” ಶೋಭಿತಾ ಕೇಳಿದಳು.  “ಓದ್ನಿಲ್ಲ ಅಂತ?”

“ನಾನೂ ಒಂದ್ಸಲ ಕೇಳ್ದೆ ಕಣವ್ವ. ಏನ್ಲಾ ಗುಂಡಾ, ಆವತ್ತೇ ಓಗ್ಬುಟ್ಟಿದ್ರೆ ಚೆಂದಿತ್ತಾ, ಅಂತ. ನಿಮ್ಮ ಆಲಲ್ಲಿ ಈವತ್ತು ನೀರು ಜಾಸ್ತಿ ಅದೆ ಕಣವ್ವ ಅಂದ್ಬುಟ್ಟು ನಕ್ಕ.”

“ನಕ್ಕಿದ್ದು ಬೇಜಾರಿಗಾ, ಖುಷಿಗಾ?”

“ಅವ್ನ ನಗು ಓದೋ ವಿದ್ಯೆ ನಂಗಿಲ್ಲ,” ಎಂದಳು ಸುಬ್ಬಮ್ಮ.

ಆ ಜಾಗ ಹಿಡಿದುಕೊಂಡು ಕೂತದ್ದು ಅಪ್ಪನ ಸೋಲೋ ಗೆಲುವೋ? ಶೋಭಿತಾ ಎರಡು ಕಡೆಯಿಂದಲೂ ತೂಗಿ ನೋಡಿದಳು. ಅವನು ಕೂತಿದ್ದರಿಂದ ತಾನೆ ಇಡೀ ಊರಿನ ಹಾಲು ಕೇರಿಯವನ ಕೈ ಮೇಲೆ ಹರಿದದ್ದು. ಅವನು ಕೂತಿದ್ದರಿಂದ ತಾನೆ ಅಶೋಕ ಓದಿದ್ದು, ತಾನು ಓದಿದ್ದು. ಹಾಗಾದರೆ ಅವನು ಮಗಳಿಗೆ ಕೂರು ಅನ್ನುತ್ತಿದ್ದನೋ, ಏಳು ಅನ್ನುತ್ತಿದ್ದನೋ? ಯೋಚಿಸಿದಷ್ಟೂ ತಲೆ ಕೆಟ್ಟು ಗೊಬ್ಬರವಾಯಿತು. ಸತ್ತವನ ಮೇಲೆ ಸಿಟ್ಟೂ ಬಂತು. ಶುಕ್ರವಾರ ರಾತ್ರಿ ನಿದ್ದೆಗೆಟ್ಟು ಯೋಚಿಸಿದವನು ಶನಿವಾರ ಬೆಳಿಗ್ಗೆ ಒಂದು ಫೋನ್ ಮಾಡಬಾರದಿತ್ತೆ?

“ಹೊತ್ತಾಯ್ತು, ಎತ್ತಣ,” ಎಂದಿತು ಗುಂಪು.

ಹೊನ್ನಕ್ಕ ಬಿಡಲಿಲ್ಲ. “ಮಾತು ಕೊಡಿ ಮೊದ್ಲು.”

ಅಶೋಕ ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಅಕ್ಕನ ಮುಖ ನೋಡಿ ಬಗ್ಗಿದ. “ಅಣ್ಣಾ, ನಿನ್ನ ಮಗಳನ್ನ ಓದುಸ್ತೀನಿ. ನಾಳೆನೇ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ.” ಕಣ್ಣು ಹಾಗೆಯೇ ಇತ್ತು.

ರಾಮಣ್ಣ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದ. “ಗುಂಡಣ್ಣಾ, ಹುಡ್ಗಿ ಕೆಲ್ಸ ಬುಡ್ದಂಗೆ ನೋಡ್ಕತೀವಿ. ನಿನ್ನೆಡ್ತೀನ ಒಂಟಿ ಮಾಡಾಕಿಲ್ಲ. ಕಣ್ ಮುಚ್ಕಳಪ್ಪ.” ಕಣ್ಣು ಮುಚ್ಚಲಿಲ್ಲ.

ಹೊನ್ನಕ್ಕ ತಾನೇ ಬಗ್ಗಿ ಶೋಭಿತಾಳ ಮದುವೆಯ ಮಾತು ಕೊಟ್ಟಳು. ಅದಕ್ಕೂ ಮುಚ್ಚಲಿಲ್ಲ.

ಕೆಂಪಣ್ಣ ಚಪ್ಪಲಿ ಕಳಚಿದ. ಅವನ ಕಣ್ಣಲ್ಲೂ ನೀರಿತ್ತು. ಅದು ಸುಳ್ಳು ನೀರಲ್ಲ. “ಗುಂಡಯ್ಯಾ, ನಿನ್ ಜಾಗ ನಿಮ್ಮೋರ್ಗೇ ಕಣಯ್ಯ. ನಾನಿರೋಗಂಟ ಅದುನ್ನ ಬ್ಯಾರೆಯೋರ್ಗೆ ಕೊಡಾಕಿಲ್ಲ.” ಜನ ತಲೆದೂಗಿದರು. ಇದೇ ಇರಬೇಕು ಎಂದುಕೊಂಡು ಎಲ್ಲರೂ ಬಗ್ಗಿ ನೋಡಿದರು. ಗುಂಡಯ್ಯ ಶಾಮಿಯಾನವನ್ನೇ ನೋಡುತ್ತಿದ್ದ.

“ಮಗಳು ಕೊಡ್ಲಿ,” ಎಂದರು ಯಾರೋ.

ಶೋಭಿತಾ ಒಳಗೆ ಹೋಗಿ ಬ್ಯಾಗಿನಿಂದ ಹತ್ತಿ ತಂದು ನೀರಿನಲ್ಲಿ ಅದ್ದಿದಳು. ಅಪ್ಪನ ತಲೆಯ ಹತ್ತಿರ ಮಂಡಿಯೂರಿ, ರೆಪ್ಪೆಗಳನ್ನು ಕೆಳಕ್ಕೆ ಎಳೆದು, ಮೇಲೆ ಹತ್ತಿಯಿಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಓದುತ್ತೇನೆ ಅನ್ನಬೇಕೋ, ಕೆಲಸ ಬಿಡುವುದಿಲ್ಲ ಅನ್ನಬೇಕೋ? ಯಾವುದನ್ನಾದರೂ ಒಂದನ್ನು ಅಂದುಬಿಟ್ಟರೆ ಈ ಜನ ಸುಮ್ಮನಾಗುತ್ತಾರೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಅಪ್ಪನ ಕಿವಿಯಲ್ಲಿ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಕೆನ್ನೆಗೆ ಕೆನ್ನೆ ತಾಗುವಷ್ಟು ಬಗ್ಗಿದಳು.

“ಅಪ್ಪಾ,” ಎಂದಳು, “ಈವತ್ತು ಭಾನುವಾರ.”

ಮತ್ತೇನೂ ಹೇಳಲಿಲ್ಲ. ಒತ್ತಿದ ಬೆರಳು ನೋಯುವವರೆಗೂ ಹಾಗೇ ಇದ್ದಳು. ಹತ್ತಿ ತೆಗೆದಾಗ ರೆಪ್ಪೆಗಳು ಮುಚ್ಚಿಯೇ ಇದ್ದವು. ಅದು ಒದ್ದೆ ಹತ್ತಿಯ ಕೆಲಸವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಎದೆಯ ಮೇಲೆ ಬಿದ್ದು ಗೋಳೋ ಎಂದು ಅತ್ತಳು.

ಹೊನ್ನಕ್ಕ ಕೈ ಮುಗಿದಳು. “ಏನ್ ಮಾತು ಕೊಟ್ಟೆ ಮಗಾ?”

ಅಶೋಕ ಅಳುತ್ತಲೇ ಹೇಳಿದ. “ಇನ್ನೇನು, ಓದ್ತೀನಿ ಅಂದಿರ್ತಾಳೆ.” ರಾಮಣ್ಣ ಪಕ್ಕದವನಿಗೆ, ಕೆಲ್ಸ ಬುಡಾಕಿಲ್ಲ ಅಂದ್ಲು, ನನ್ ಕಿವಿಗೆ ಬಿತ್ತು ಕಣಯ್ಯ, ಎಂದ.

*

ತಮಟೆಯನ್ನೂ ಬಡಿದರು, ಬುದ್ಧಂ ಶರಣಂ ಎಂದೂ ಹೇಳಿದರು. ಒಬ್ಬರಿಗೆ ಸರಿಯೆನಿಸಿದ್ದನ್ನು ಇನ್ನೊಬ್ಬರು ತಡೆಯಲಿಲ್ಲ. ಹೆಣ್ಣುಮಕ್ಕಳು ಗುಂಡಿಯ ಹತ್ತಿರ ಬರಬಾರದೆಂದು ಹೊನ್ನಕ್ಕ, ಬರಬೇಕೆಂದು ಅಶೋಕ, ಇದೊಂದಕ್ಕೆ ಮಾತ್ರ ಜಗ್ಗಾಡಿದರು. ಶೋಭಿತಾ ಯಾರನ್ನೂ ಕೇಳದೆ ಹೋಗಿ ಮಣ್ಣು ಹಾಕಿ ಬಂದಳು.

ಕಾಲು ತೊಳೆದು ದೀಪ ನೋಡಿದ ಮೇಲೆ ಹೊನ್ನಕ್ಕ ಎಚ್ಚರಿಸಿದಳು. “ನೋಡ್ ಮಗಾ, ಸೂತಕದಲ್ಲಿ ಇರೋ ಕೆಲ್ಸಕ್ಕೆ ಓಯ್ತಿದ್ರೆ ದೋಸ ಇಲ್ಲ. ಒಸ್ದು ಸುರು ಮಾಡ್ಬಾರ್ದು. ತಿಥಿ ಕಳೀಲಿ. ಮುಂದಿನ್ ವರ್ಷ ಓದೀಯಂತೆ ಬುಡು, ಎಲ್ಲೋಯ್ತದೆ ಓದು?”

“ನಮ್ಮಲ್ಲಿ ಸೂತಕ ಇಲ್ಲಕ್ಕ,” ಎಂದ ಅಶೋಕ. ಅಣ್ಣನನ್ನು ಕಳೆದುಕೊಂಡ ದಿನವೇ ಅಕ್ಕನ ಜೊತೆ ವಾದ ಮಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. 

ಹಿತ್ತಲಲ್ಲಿ ಹಸು ಕೂಗಿತು. ಮನೆಯಲ್ಲಿ ಸಾವಾಗಿದೆಯೆಂದು ಕೆಚ್ಚಲು ಕೇಳುವುದಿಲ್ಲ. ಪಾರ್ವತಮ್ಮ ಎದ್ದು ಹೋಗಿ ಹಾಲು ಕರೆದು ತಂದು ಮಗಳ ಕೈಗೆ ಕ್ಯಾನು ಕೊಟ್ಟಳು.

“ಆಕ್ಬುಟ್ಟು ಬಾ. ವಸಿ ಗಾಳೀನಾರ ಆಡ್ತದೆ ನಿಂಗೆ.” ಆಮೇಲೆ, ಮಗಳ ಕೈಯನ್ನು ಬಿಡದೆ, ದಿನವೆಲ್ಲ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು: “ಓದು, ಬುಡು, ನಂಗೊತ್ತಾಗಕಿಲ್ಲ. ‘ನಮ್ಮವ್ವಂಗೋಸ್ಕರ’ ಅಂತ ಮಾತ್ರ ಏನೂ ಮಾಡ್ಬ್ಯಾಡ. ಆಮ್ಯಾಕೆ ನಂಗೆ ನಿನ್ ಮೊಕ ನೋಡಾಕಾಗಕಿಲ್ಲ.”

ಡೈರಿಯ ಮುಂದೆ ಎಂದಿನಂತೆ ಸಾಲು ನಿಂತಿತ್ತು.  ಮುಂದೆ ಹೋಗವ್ವ ಎಂದು ಒಬ್ಬಿಬ್ಬರು ದಾರಿ ಬಿಟ್ಟರೂ ಅವಳು ಸಾಲಿನಲ್ಲೇ ನಿಂತಳು. ಒಳಗಿನಿಂದ ಹಾಲು ಪರೀಕ್ಷೆಯ ಮೆಷಿನ್ನಿನ ಗುಂಯ್ ಸದ್ದು ಕೇಳಿಸುತ್ತಿತ್ತು. ಯಾರೋ ಹಾಲು ನೋಡುತ್ತಿದ್ದಾರೆ. ಬಾಗಿಲಿನ ಹತ್ತಿರ ಬಂದಾಗ ಕಂಡಿತು: ಅಪ್ಪನ ಕುರ್ಚಿಯಲ್ಲಿ ಕೂತಿದ್ದವನು ದಿಲೀಪ, ಕೆಂಪಣ್ಣನ ಅಕ್ಕನ ಮಗ. ಬಿ.ಕಾಂ. ಮುಗಿಸಿ ಊರಲ್ಲೇ ಇದ್ದ, ಒಳ್ಳೆಯ ಹುಡುಗ.

ಅವಳನ್ನು ನೋಡಿ ಅವನು ತಟ್ಟನೆ ಎದ್ದ. ಮುಖ ಕೆಂಪಾಯಿತು.

“ಅಕ್ಕಾ... ಮಾವ ಕೂತ್ಕೋ ಅಂದ್ರು. ಆಲು ಕೆಡ್ತದಲ್ಲ ಅದ್ಕೆ. ಸದ್ಯಕ್ಕೆ ಅಷ್ಟೆ. ನಿಮ್ಮೋರು ಯಾರಾದ್ರೂ ಸಿಗೋಗಂಟ.”

“ಎಷ್ಟು ದಿನ ಅಂದ್ರು?”

“ಒಂದ್ ವರ್ಷ ನೋಡಣ ಅಂದ್ರು.”

ಅಪ್ಪನ ಮಣ್ಣು ಇನ್ನೂ ಹಸಿಯಾಗಿತ್ತು. ಶೋಭಿತಾಳಿಗೆ ದಿಲೀಪನ ಮೇಲೆ ಸಿಟ್ಟು ಬರಲಿಲ್ಲ. ಕೆಂಪಣ್ಣ ಸುಳ್ಳು ಹೇಳಿದ ಅಂತಲೂ ಅನ್ನಿಸಲಿಲ್ಲ. ಹಾಲು ಕೆಡುತ್ತದೆ ಎನ್ನುವುದು ನಿಜವೇ. ಆದರೆ ಮೂವತ್ತು ವರ್ಷ ಅಪ್ಪ ಯಾವುದಕ್ಕೆ ಹೆದರಿ ಏಳದೇ ಕೂತಿದ್ದನೋ ಅದು ಒಂದು ಸಂಜೆಯಲ್ಲಿ, ಯಾವ ಜಗಳವೂ ಇಲ್ಲದೆ ಆಗಿಹೋಗಿತ್ತು. ಅವಳು ಕ್ಯಾನನ್ನು ಮೇಜಿನ ಮೇಲಿಟ್ಟಳು.

“ಕೂತ್ಕೋ ದಿಲೀಪ,” ಎಂದಳು. “ಜನ ಕಾಯ್ತಾವ್ರೆ.”

ಅವಳ ಹಾಲನ್ನು ಅವನು ಅಳೆದು ಹಾಕಿಕೊಂಡ. ಏನಾದರೂ ಮಾತಾಡಬೇಕಲ್ಲ ಎಂದು, “ನಾಳಿಂದ ಆಲು ಯಾರ್ ತತ್ತಾರಕ್ಕ?” ಎಂದು ಕೇಳಿದ.

“ಅವ್ವ ತತ್ತದೆ. ನಾನು ಬೆಳಿಗ್ಗೆ ಹಾಸನಕ್ಕೆ ಹೋಯ್ತೀನಿ. ಕಾಲೇಜಿಗೆ ಸೇರ್ಬೇಕು.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಸರಿಯೋ ತಪ್ಪೋ ಈಗಲೂ ಗೊತ್ತಿರಲಿಲ್ಲ. ಅಪ್ಪ ಇದನ್ನೇ ಹೇಳುತ್ತಿದ್ದನೋ ಎನ್ನುವುದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಹಿಂದಿದ್ದ ಹೆಂಗಸು ತನ್ನ ಕ್ಯಾನನ್ನು ಮುಂದಕ್ಕೆ ತಳ್ಳಿದಳು.

ದಿಲೀಪ ಉದ್ದ ಕಾಲಿನ ಹುಡುಗ. ಕೂರುವಾಗ ಮಂಡಿ ಮೇಜಿಗೆ ಬಡಿಯಿತು. ಅವನು ಕುರ್ಚಿಯನ್ನು ಎರಡು ಕೈಯಲ್ಲಿ ಎತ್ತಿ ಹಿಂದಕ್ಕೆ ಸರಿಸಿದ. ಅದು ಇದ್ದ ಜಾಗದಲ್ಲಿ, ಸಿಮೆಂಟು ನೆಲದಲ್ಲಿ, ನಾಲ್ಕು ಕಾಲು ಊರಿದ್ದ ಕಡೆ ನಾಲ್ಕು ಗುಳಿ ಬಿದ್ದಿದ್ದವು, ಬೆರಳ ತುದಿ ಇಳಿಯುವಷ್ಟು. ಹೆಂಗಸು ಮುಂದಕ್ಕೆ ತಳ್ಳಿದ ಕ್ಯಾನಿನಿಂದ ಒಂದಿಷ್ಟು ಹಾಲು ಚೆಲ್ಲಿ ನೆಲದ ಮೇಲೆ ಹರಿಯಿತು. ಮೊದಲ ಗುಳಿಯಲ್ಲಿ ಇಳಿದು, ಅದು ತುಂಬಿದ ಮೇಲೆ ಮೆಲ್ಲಗೆ ಎರಡನೆಯದರ ಕಡೆಗೆ ಹೊರಳಿತು.